ಕಡಲಿನ ಪ್ರಶ್ನೆ, ಕೋಲಾರದ ಉತ್ತರ

(ಹಡಗಿನ ಕೆಲಸದಿಂದ ನಿವೃತ್ತರಾಗಿ ಕೋಲಾರದಲ್ಲಿ ನೆಲೆಸಿರುವ ಅಧಿಕಾರಿಯೊಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ)

ಪ್ರಶ್ನೆ: ಸಾರ್, ನಮಸ್ಕಾರ. ನನ್ನ ಮಗ ಮರ್ಚೆಂಟ್ ನೇವಿಗೆ ಅಂತ ಓದುತ್ತಿದ್ದಾನೆ. ರಜೆಗೆ ಬಂದರೂ ನಡುಮನೆಯಲ್ಲಿ ದೊಡ್ಡ ನಕ್ಷೆ ಹರಡಿಕೊಂಡು ‘ಡೆಡ್ ರೆಕನಿಂಗ್’ ಅಂತ ಗೆರೆ ಎಳೆಯುತ್ತಾ ಕೂತಿರುತ್ತಾನೆ. ನಮ್ಮ ತೋಟಕ್ಕೆ ಮಾವಿನಕಾಯಿ ತುಂಬಲು ಬರುವ ಲಾರಿ ಡ್ರೈವರ್ ಕೂಡ ಫೋನ್ ನೋಡಿ ದಾರಿ ಹಿಡಿಯುತ್ತಾನೆ. ಅಷ್ಟು ದೊಡ್ಡ ಹಡಗಿನಲ್ಲಿ ಪೆನ್ಸಿಲ್ ಗೆರೆ ಯಾಕೆ ಬೇಕು? ಅದನ್ನು ಎಷ್ಟು ನಂಬಬಹುದು?
– ಒಬ್ಬ ತಾಯಿ, ಶ್ರೀನಿವಾಸಪುರ

ಉತ್ತರ: ಅಮ್ಮ, ನಿಮ್ಮ ಮಗ ಎಳೆಯುತ್ತಿರುವ ಗೆರೆಗೆ ಬೇಕಾದ್ದು ಬಹಳ ಕಡಿಮೆ. ಒಂದು ಹೊತ್ತಿನಲ್ಲಿ ಹಡಗು ಎಲ್ಲಿತ್ತು ಅಂತ ಖಚಿತವಾಗಿ ಗೊತ್ತಿರಬೇಕು. ಅದಕ್ಕೆ ನಾವು ಫಿಕ್ಸ್ ಅನ್ನುತ್ತೇವೆ. ಅಲ್ಲಿಂದ ಯಾವ ದಿಕ್ಕಿಗೆ, ಯಾವ ವೇಗದಲ್ಲಿ, ಎಷ್ಟು ಹೊತ್ತು ಬಂದೆವು? ಇವಿಷ್ಟನ್ನೇ ಇಟ್ಟುಕೊಂಡು ‘ಈಗ ಇಲ್ಲಿರಬೇಕು’ ಅಂತ ಚಾರ್ಟಿನ ಮೇಲೆ ಗುರುತು ಹಾಕುತ್ತೇವೆ. ಹಡಗಿನಲ್ಲಿ ಎಲ್ಲರೂ ಅದನ್ನು ಡಿ.ಆರ್. ಅಂತಲೇ ಕರೆಯುತ್ತಾರೆ. ಇದಕ್ಕೆ ನಕ್ಷತ್ರ ಬೇಡ, ದಡ ಕಾಣಬೇಕಿಲ್ಲ, ಉಪಗ್ರಹವೂ ಬೇಡ.

ನಮ್ಮಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಸರ್ವೆ ಕೆಲಸದಲ್ಲಿದ್ದರು. ಆ ಗಣಿ ಮೂರು ಕಿಲೋಮೀಟರಿಗಿಂತಲೂ ಆಳ. ಕೆಳಗೆ ಆಕಾಶ ಎಲ್ಲಿಂದ ಬರಬೇಕು? ಗೊತ್ತಿರುವ ಒಂದು ಗುರುತಿನಿಂದ ಕೋನ ಅಳೆದು, ದೂರ ಅಳೆದು, ಮುಂದಿನ ಗುರುತು ಹಾಕುತ್ತಾ ಹೋಗುವುದೇ ಅವರ ಕೆಲಸ. ಹಾಗೆ ಲೆಕ್ಕ ಹಾಕಿಯೇ ಎರಡು ಕಡೆಯಿಂದ ಕೊರೆದು ಬಂದ ಸುರಂಗಗಳು ನಡುವೆ ಸೇರಬೇಕು. ನಾನು ಹಡಗಿಗೆ ಸೇರಿ ಡಿ.ಆರ್. ಕಲಿತು ಬಂದು ಹೇಳಿದಾಗ ಅಪ್ಪ, ‘ಇದನ್ನೇ ಅಲ್ವಾ ನಾನು ದಿನಾ ಮಾಡಿದ್ದು’ ಅಂದರು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಅಪ್ಪನ ಕಾಲ ಕೆಳಗಿನ ಬಂಡೆ ಅಲ್ಲೇ ಇರುತ್ತಿತ್ತು. ನಮ್ಮ ಕಾಲ ಕೆಳಗಿನ ನೀರು ತಾನೂ ಹರಿಯುತ್ತಿರುತ್ತದೆ.

ಎಷ್ಟು ನಂಬಬಹುದು ಅಂತ ಕೇಳಿದಿರಿ. ಅದಕ್ಕೆ ಒಂದೇ ಅಂಕಿ ಇಲ್ಲ. ಕೊನೆಯ ಫಿಕ್ಸ್ ಆಗಿ ಎಷ್ಟು ಹೊತ್ತಾಯಿತು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ನಮ್ಮ ಕರಾವಳಿಯದೇ ಒಂದು ಲೆಕ್ಕ ಹಾಕೋಣ. ರಾತ್ರಿ 8 ಗಂಟೆ. ಕಾಪು ದೀಪಸ್ತಂಭ ನೋಡಿ ಫಿಕ್ಸ್ ತೆಗೆದುಕೊಂಡು ಕಾರವಾರದ ಕಡೆ ಹೊರಟಿದ್ದೇವೆ. ವೇಗ 12 ನಾಟ್, ಅಂದರೆ ಗಂಟೆಗೆ 12 ನಾಟಿಕಲ್ ಮೈಲಿ. ರಾತ್ರಿ 12ಕ್ಕೆ 48 ಮೈಲಿ ಬಂದಿರಬೇಕು. ಡಿ.ಆರ್. ಗುರುತು ಅಲ್ಲಿ ಬಿತ್ತು.

ಈಗ ತಪ್ಪುಗಳನ್ನು ನೋಡಿ. ದಿಕ್ಕಿನಲ್ಲಿ 1 ಡಿಗ್ರಿ ತಪ್ಪಿದರೆ 60 ಮೈಲಿಗೆ ಸುಮಾರು 1 ಮೈಲಿ ಪಕ್ಕಕ್ಕೆ ಸರಿಯುತ್ತೇವೆ. ಇದು ನಾವಿಕರ ಬಾಯಿಲೆಕ್ಕ. ದಿಕ್ಸೂಚಿಯಲ್ಲೋ ಚುಕ್ಕಾಣಿ ಹಿಡಿದವನ ಕೈಯಲ್ಲೋ 2 ಡಿಗ್ರಿ ಹೆಚ್ಚುಕಮ್ಮಿ ಇದ್ದರೆ 48 ಮೈಲಿಗೆ ಒಂದೂವರೆ ಮೈಲಿಗಿಂತ ಸ್ವಲ್ಪ ಜಾಸ್ತಿ ಆಯಿತು. ವೇಗ ಅರ್ಧ ನಾಟ್ ತಪ್ಪಿದ್ದರೆ ಹಿಂದಕ್ಕೋ ಮುಂದಕ್ಕೋ 2 ಮೈಲಿ. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ನೀರು ದಕ್ಷಿಣಕ್ಕೆ ಹರಿಯುತ್ತದೆ. ಆ ಸೆಳೆತ 1 ನಾಟ್ ಇದೆ ಅಂದುಕೊಳ್ಳಿ. ನಾವು ಉತ್ತರಕ್ಕೆ ಹೋಗುವವರು, ಅದು ಎದುರಿಗೆ ಬರುತ್ತದೆ. 4 ಗಂಟೆಗೆ 4 ಮೈಲಿ ಹಿಂದೆ ಬಿದ್ದೆವು. ಹಡಗಿನ ಲಾಗ್, ಅಂದರೆ ವೇಗ ಅಳೆಯುವ ಯಂತ್ರ, ಸಾಮಾನ್ಯವಾಗಿ ನೀರಿನ ಮೇಲಿನ ವೇಗ ತೋರಿಸುತ್ತದೆ. ನೀರೇ ಹಿಂದಕ್ಕೆ ಹೋಗುತ್ತಿರುವುದು ಅದಕ್ಕೆ ತಿಳಿಯುವುದಿಲ್ಲ. ಮುರುಡೇಶ್ವರದ ಆಚೆ ಕಡಲಲ್ಲಿ ನೇತ್ರಾಣಿ ದ್ವೀಪ ಇದೆಯಲ್ಲ, ಅದನ್ನು ದಾಟಿಯಾಯಿತು ಅಂದುಕೊಂಡು ದಡದ ಕಡೆ ತಿರುಗಿಸಿದರೆ ಏನಾಗಬಹುದು ಅಂತ ನೀವೇ ಊಹಿಸಿ.

ಇನ್ನೂ 4 ಗಂಟೆ ಫಿಕ್ಸ್ ಸಿಗದಿದ್ದರೆ ಈ ತಪ್ಪುಗಳು ದುಪ್ಪಟ್ಟಾಗುತ್ತವೆ. ಹಾಗಾಗಿ ಡಿ.ಆರ್. ಗುರುತಿನ ಸುತ್ತ ಮನಸ್ಸಿನಲ್ಲೇ ಒಂದು ವೃತ್ತ ಎಳೆದುಕೊಳ್ಳಬೇಕು. ಗಂಟೆ ಕಳೆದಂತೆ ಅದು ಹಿಗ್ಗುತ್ತದೆ. ಗಾಳಿ, ಸೆಳೆತದ ಅಂದಾಜನ್ನೂ ಸೇರಿಸಿ ಇನ್ನೊಂದು ಗುರುತು ಹಾಕುವುದುಂಟು. ಅದು ಎಸ್ಟಿಮೇಟೆಡ್ ಪೊಸಿಷನ್. ಪರೀಕ್ಷೆಯಲ್ಲಿ ಈ ಎರಡನ್ನೂ ಬೆರೆಸಿದರೆ ಅಂಕ ಹೋಗುತ್ತದೆ, ನಿಮ್ಮ ಮಗನಿಗೆ ಹೇಳಿ.

ಡಿ.ಆರ್. ಮೇಲೆ ಅತಿ ನಂಬಿಕೆ ಇಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನಾನು ಕೆಡೆಟ್‌ಗಳಿಗೆ ಹೇಳುತ್ತಿದ್ದ ಕಥೆ ಒಂದೇ. 1923ರ ಸೆಪ್ಟೆಂಬರ್ 8ರ ರಾತ್ರಿ ಅಮೆರಿಕ ನೌಕಾಪಡೆಯ 14 ಡೆಸ್ಟ್ರಾಯರ್‌ಗಳು ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ದಕ್ಷಿಣಕ್ಕೆ ಹೋಗುತ್ತಿದ್ದವು. ವೇಗ 20 ನಾಟ್, ಎದುರಿಗೆ ಮಂಜು. ಮುಂದಿದ್ದ ಡೆಲ್ಫಿ ಹಡಗಿನವರು ಡಿ.ಆರ್. ಹಾಕಿ, ಸಾಂಟಾ ಬಾರ್ಬರಾ ಚಾನಲ್ಲಿನ ಬಾಯಿಗೆ ಬಂದೆವು ಅಂತ ತೀರ್ಮಾನಿಸಿದರು. ದಡದ ರೇಡಿಯೊ ಕೇಂದ್ರ ಮಾತ್ರ ‘ನೀವಿನ್ನೂ ಉತ್ತರದಲ್ಲೇ ಇದ್ದೀರಿ’ ಅನ್ನುವಂಥ ದಿಕ್ಕು ಕೊಡುತ್ತಿತ್ತು. ಆಗ ಆ ಯಂತ್ರ ಹೊಸದು, ಯಾರಿಗೂ ನಂಬಿಕೆ ಇಲ್ಲ. ಆಳ ಅಳೆದು ನೋಡಬಹುದಿತ್ತು. ಅದಕ್ಕೆ ವೇಗ ಇಳಿಸಬೇಕಿತ್ತು, ಇಳಿಸಲಿಲ್ಲ. 9 ಗಂಟೆಗೆ ಪೂರ್ವಕ್ಕೆ ತಿರುಗಿದರು. ಕೆಲವೇ ನಿಮಿಷಗಳಲ್ಲಿ ಹೋಂಡಾ ಪಾಯಿಂಟಿನ ಬಂಡೆಗಳಿಗೆ ಒಂದರ ಹಿಂದೆ ಒಂದು ಬಡಿದವು. 7 ಹಡಗು ಹೋದವು, 23 ಜನ ಸತ್ತರು. ಒಂದು ವಾರ ಮೊದಲು ಜಪಾನಿನಲ್ಲಿ ಆಗಿದ್ದ ದೊಡ್ಡ ಭೂಕಂಪದಿಂದ ನೀರಿನ ಸೆಳೆತ ಬದಲಾಗಿತ್ತು ಅನ್ನುವವರಿದ್ದಾರೆ. ಇರಬಹುದು. ನನ್ನ ಕೇಳಿದರೆ, ಲೆಕ್ಕಕ್ಕಿಂತ ಅದನ್ನು ಪರೀಕ್ಷಿಸಲು ಇಷ್ಟವಿಲ್ಲದ ಮನಸ್ಸೇ ಆ ಹಡಗುಗಳನ್ನು ಬಂಡೆಗೆ ಹಾಕಿತು.

ಅದೇ ಡಿ.ಆರ್. ಜೀವ ಉಳಿಸಿದ್ದೂ ಇದೆ. 1916ರಲ್ಲಿ, ಅಂಟಾರ್ಕ್ಟಿಕಾದ ಹಿಮದಲ್ಲಿ ಹಡಗು ಕಳೆದುಕೊಂಡಿದ್ದ ಶ್ಯಾಕಲ್ಟನ್ ತಂಡದ ಫ್ರಾಂಕ್ ವೋರ್ಸ್‌ಲಿ ಒಂದು ಸಣ್ಣ ದೋಣಿಯಲ್ಲಿ ಎಲಿಫೆಂಟ್ ದ್ವೀಪದಿಂದ ಸೌತ್ ಜಾರ್ಜಿಯಾವರೆಗೆ, ಸುಮಾರು 800 ನಾಟಿಕಲ್ ಮೈಲಿ ದಾರಿ ತೋರಿಸಿದರು. ಮೋಡದ ಕಾಟಕ್ಕೆ ಸೂರ್ಯನನ್ನು ಅಳೆಯಲು ಆಗಿದ್ದು ಬೆರಳೆಣಿಕೆಯಷ್ಟು ಸಲ. ಉಳಿದದ್ದೆಲ್ಲ ಡಿ.ಆರ್. ಆದರೆ ಅವರು ತಮ್ಮ ಲೆಕ್ಕದಲ್ಲಿ ಎಷ್ಟು ಮೈಲಿ ತಪ್ಪಿರಬಹುದು ಅನ್ನುವುದನ್ನೂ ಲೆಕ್ಕ ಹಾಕಿದ್ದರು. ದ್ವೀಪದ ತುದಿಗೆ ಗುರಿ ಇಟ್ಟು ತಪ್ಪಿದರೆ ಗಾಳಿ ಅವರನ್ನು ಬಟಾಬಯಲು ಸಮುದ್ರಕ್ಕೆ ಒಯ್ಯುತ್ತಿತ್ತು. ಅದಕ್ಕೇ ಪಶ್ಚಿಮ ಕರಾವಳಿಗೆ ಗುರಿ ಇಟ್ಟರು. ಜನ ಇದ್ದದ್ದು ದ್ವೀಪದ ಇನ್ನೊಂದು ಬದಿಯಲ್ಲಿ. ಬೆಟ್ಟ ಹತ್ತಿ ಇಳಿಯುವ ಕಷ್ಟ ಇದ್ದರೂ ಇರಲಿ, ಮೊದಲು ದಡ ಸಿಗಲಿ ಅಂತ.

ಇನ್ನು, ಜಿಪಿಎಸ್ ಇರುವಾಗ ಇದು ಯಾಕೆ? ಡಿ.ಆರ್. ಗುರುತಿಗೂ ಜಿಪಿಎಸ್ ಫಿಕ್ಸಿಗೂ ನಡುವೆ ಬೀಳುವ ಅಂತರವೇ ನಮಗೆ ಬೇಕಾದ ಮಾಹಿತಿ. 4 ಗಂಟೆಗೆ 4 ಮೈಲಿ ಅಂತರ ಬಿದ್ದರೆ 1 ನಾಟ್ ಸೆಳೆತ ಇದೆ ಅಂತ ಗೊತ್ತಾಯಿತು. 40 ಮೈಲಿ ಬಿದ್ದರೆ? ಯಾವುದೋ ಒಂದು ಯಂತ್ರ ಸುಳ್ಳು ಹೇಳುತ್ತಿದೆ. ಪರದೆ ನೋಡಿಕೊಂಡು ಆಮೇಲೆ ಅದಕ್ಕೆ ಹೊಂದುವಂತೆ ಡಿ.ಆರ್. ಹಾಕುವ ಹುಡುಗರನ್ನು ನಾನು ವಾಚ್‌ನಲ್ಲಿ, ಅಂದರೆ ಹಡಗಿನ ಕಾವಲು ಪಾಳಿಯಲ್ಲಿ, ಸುಮ್ನೆ ಬಿಡುತ್ತಿರಲಿಲ್ಲ. ಮೊದಲು ಗೆರೆ, ಆಮೇಲೆ ಪರದೆ. ಇಲ್ಲದಿದ್ದರೆ ಆ ಗೆರೆ ಯಾತಕ್ಕೂ ಬಾರದು.

ಪ್ರಶ್ನೆ: ಜಿಪಿಎಸ್ ನಿಜವಾಗಿ ಅಷ್ಟು ದೊಡ್ಡ ಸುಳ್ಳು ಹೇಳಿದ್ದುಂಟಾ ಸಾರ್?
– ಇಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಉತ್ತರ: ಉಂಟು. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿ, ರಷ್ಯಾದ ನೊವೊರೊಸಿಸ್ಕ್ ಬಳಿ, ಸುಮಾರು 20 ಹಡಗುಗಳ ಜಿಪಿಎಸ್ ‘ನೀವು ಗೆಲೆಂಜಿಕ್ ವಿಮಾನ ನಿಲ್ದಾಣದಲ್ಲಿದ್ದೀರಿ’ ಅಂತ ತೋರಿಸಿತು! ಹಡಗು ರನ್‌ವೇ ಮೇಲೆ ನಿಲ್ಲುವುದಿಲ್ಲ, ಹಾಗಾಗಿ ಎಲ್ಲರಿಗೂ ಕೂಡಲೇ ಗೊತ್ತಾಯಿತು. ಅದೇ ಸಂಕೇತ ಬರೀ 3 ಮೈಲಿ ತಪ್ಪು ತೋರಿಸಿದ್ದರೆ ಪರದೆಯನ್ನಷ್ಟೇ ನೋಡುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ಉಪಗ್ರಹದ ಸಂಕೇತ ನಮ್ಮ ತನಕ ಬರುವಷ್ಟರಲ್ಲಿ ಬಹಳ ದುರ್ಬಲವಾಗಿರುತ್ತದೆ. ಅದನ್ನು ಮುಚ್ಚಿಹಾಕುವುದು, ಅದರ ಹಾಗೇ ನಟಿಸುವುದು ಕಷ್ಟದ ಕೆಲಸವಲ್ಲ.

ಪ್ರಶ್ನೆ: ಯಂತ್ರಗಳಿಲ್ಲದ ಕಾಲದಲ್ಲಿ ಹಡಗಿನ ವೇಗ ಹೇಗೆ ಅಳೆಯುತ್ತಿದ್ದರು?
– ಒಂಬತ್ತನೇ ತರಗತಿ, ಶಿಡ್ಲಘಟ್ಟ

ಉತ್ತರ: ಹಗ್ಗದ ತುದಿಗೆ ಒಂದು ಮರದ ಹಲಗೆ ಕಟ್ಟಿ ಹಿಂದಿನಿಂದ ನೀರಿಗೆ ಬಿಡುತ್ತಿದ್ದರು ಮರಿ. ಹಲಗೆ ನೀರಲ್ಲಿ ನಿಂತುಬಿಡುತ್ತದೆ, ಹಡಗು ಮುಂದೆ ಹೋದಷ್ಟೂ ಹಗ್ಗ ಬಿಚ್ಚಿಕೊಳ್ಳುತ್ತದೆ. ಹಗ್ಗದಲ್ಲಿ 47 ಅಡಿ 3 ಇಂಚಿಗೊಂದು ಗಂಟು. 28 ಸೆಕೆಂಡಿನ ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿದವೋ ಅಷ್ಟು ನಾಟ್ ವೇಗ. ಒಂದು ನಾಟಿಕಲ್ ಮೈಲಿಗೆ 1,852 ಮೀಟರ್, ಸುಮಾರು 6,076 ಅಡಿ. 47 ಅಡಿ 3 ಇಂಚಿಗೆ 28 ಸೆಕೆಂಡಾದರೆ 3,600 ಸೆಕೆಂಡಿಗೆ ಎಷ್ಟು ಅಡಿ ಅಂತ ಲೆಕ್ಕ ಹಾಕಿ ನೋಡು. ಕ್ಯಾಲ್ಕುಲೇಟರ್ ಬೇಡ.