ಆ ಹೆಡ್ಡಿಂಗ್ ಕೊಟ್ಟದ್ದು ನಾನೇ

ಬದಿಯಡ್ಕದಿಂದ ಪತ್ರ ಬರೆದ ಅಕ್ಕನಿಗೆ ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ನಾವು 'ಮಾನಸಿಕ ಅಸ್ವಸ್ಥನಿಂದ ಕತ್ತಿ ದಾಳಿ' ಅಂತ ಹಾಕಿದ ಸುದ್ದಿ ಓದಿ, ಇಂಥವರನ್ನು ಊರಲ್ಲಿ ಬಿಡುದೇ ತಪ್ಪು, ನಮ್ಮ ಪಕ್ಕದ ಮನೆಯ ಹುಡುಗನೂ ಸ್ಕಿಜೋಫ್ರೇನಿಯಾಕ್ಕೆ (ಇಲ್ಲದ ಮಾತು ಕೇಳುವ, ಇಲ್ಲದ್ದನ್ನು ಗಟ್ಟಿ ನಂಬುವ ಮಾನಸಿಕ ಕಾಯಿಲೆ) ಮಂಗಳೂರಿಂದ ಮದ್ದು ತಗೊಳ್ತಾ ಇದ್ದಾನೆ, ಈಗ ಮಕ್ಕಳನ್ನು ಅಂಗಳಕ್ಕೆ ಬಿಡ್ಲಿಕ್ಕೆ ಹೆದರಿಕೆ ಆಗ್ತದೆ ಅಂತ ಬರೆದಿದ್ದೀರಿ.

ಮೊದಲು ನನ್ನ ತಪ್ಪು ಹೇಳ್ತೇನೆ. ಆ ಹೆಡ್ಡಿಂಗ್ ಕೊಟ್ಟದ್ದು ನಾನೇ. ಆ ಮನುಷ್ಯನಿಗೆ ಎಂತ ಕಾಯಿಲೆ, ಯಾವ ಡಾಕ್ಟ್ರು ನೋಡಿದ್ದಾರೆ, ಒಂದನ್ನೂ ವಿಚಾರಿಸ್ಲಿಲ್ಲ, ಊರವರು 'ಅವನಿಗೆ ಮರ್ಲ್' (ಹುಚ್ಚು) ಅಂದ್ರು, ನಾವು ಅದನ್ನೇ ಸ್ವಲ್ಪ ಮರ್ಯಾದೆಯ ಕನ್ನಡ ಮಾಡಿ ಅಚ್ಚು ಹಾಕಿದ್ದು ಅಷ್ಟೆ. ಜಾಗದ ತಕರಾರಿನಲ್ಲಿ ಅಣ್ಣ ತಮ್ಮನಿಗೆ ಕಡಿದ್ರೆ 'ಸ್ವಸ್ಥನಿಂದ ದಾಳಿ' ಅಂತ ಹಾಕ್ತೇವಾ?

ಈ ಕಾಯಿಲೆಗೂ ಹೊಡೆದಾಟಕ್ಕೂ ಸಂಬಂಧವೇ ಇಲ್ಲ ಅಂತ ಹೇಳಿದ್ರೆ ಅದೂ ಸುಳ್ಳು. ಮದ್ದಿಲ್ಲದೆ ಕಾಯಿಲೆ ಜೋರಾಗಿ, ಯಾರೋ ನನ್ನನ್ನು ಕೊಲ್ಲಲಿಕ್ಕೆ ಬರ್ತಿದ್ದಾರೆ ಅಂತ ಗಟ್ಟಿ ನಂಬಿಕೆ ಬಂದಾಗ ರಿಸ್ಕ್ ಉಂಟು, ಅದರ ಮೇಲೆ ಕುಡಿತವೋ ಗಾಂಜಾವೋ ಸೇರಿದ್ರೆ ಮತ್ತೂ ಜಾಸ್ತಿ. ಅಮೆರಿಕದ ಮೆಕಾರ್ಥರ್ ಸ್ಟಡಿ ಅಂತ ಒಂದುಂಟು, 1998ರದ್ದು. ಮಾನಸಿಕ ಆಸ್ಪತ್ರೆಯಿಂದ ಮನೆಗೆ ಹೋದವರನ್ನು ಅವರ ನೆರೆಕರೆಯವರ ಜೊತೆಗೇ ಹೋಲಿಸಿ ನೋಡಿದ್ರು. ನಶೆಯ ಚಟ ಇಲ್ಲದ ರೋಗಿಗಳಿಗೂ ಚಟ ಇಲ್ಲದ ನೆರೆಯವರಿಗೂ ಹೊಡೆದಾಟ ಬಡಿದಾಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗ್ಲಿಲ್ಲ. ಇನ್ನೊಂದು, ರೋಗಿಗಳ ಕೈಯಿಂದ ಪೆಟ್ಟು ತಿಂದವರು ಹೆಚ್ಚಿನಂಶ ಮನೆಯವರು, ದಾರಿಯಲ್ಲಿ ಹೋಗುವ ಅಪರಿಚಿತರು ಕಮ್ಮಿ. ಅಂದ್ರೆ ಆ ಹುಡುಗನ ಬಗ್ಗೆ ನಿದ್ದೆಗೆಡುವ ಹಕ್ಕು ಯಾರಿಗಾದ್ರೂ ಇದ್ರೆ ಅದು ಅವನ ಅಮ್ಮನಿಗೆ, ಅವ್ರೇ ಅವನನ್ನು ಬಸ್ಸಲ್ಲಿ ಕೂರಿಸಿ ಮಂಗಳೂರಿಗೆ ಕರ್ಕೊಂಡು ಹೋಗುದು.

ಊರಿಂದ ದೂರ ಇಟ್ರೆ ಎಂತ ಆಗ್ತದೆ ಅಂತ ತಮಿಳುನಾಡಿನ ಏರ್ವಾಡಿಯಲ್ಲಿ ನೋಡಿಯಾಗಿದೆ. 2001ರ ಆಗಸ್ಟ್ 6ರಂದು ಅಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಒಂದು ಶೆಡ್ಡಿಗೆ ಬೆಂಕಿ ಹಿಡಿದು 28 ಜನ ಸತ್ರು, ಸಂಕೋಲೆ ಹಾಕಿದ್ರಿಂದ ಓಡ್ಲಿಕ್ಕೇ ಆಗ್ಲಿಲ್ಲ. ಈಗ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಸಂಕೋಲೆ ಹಾಕುದು ನಿಷೇಧ, ಸರಿ, ಆದ್ರೆ ಮನೆಯ ಹಿಂದಿನ ಕೋಣೆಗೆ ಬೀಗ ಹಾಕಿದ್ದನ್ನು ಯಾರು ನೋಡ್ತಾರೆ?

ಹೆದರಬೇಕಾದ್ದು ಮದ್ದು ನಿಲ್ಲುದಕ್ಕೆ ಅಕ್ಕ. 2020ರಲ್ಲಿ ಕೊರೋನಾ ಅಂತ ಕೇರಳ-ಕರ್ನಾಟಕದ ತಲಪಾಡಿ ಗಡಿ ಬಂದ್ ಆಗಿ ಮಂಗಳೂರಿಗೆ ಹೋಗ್ಲಿಕ್ಕೆ ಆಗದಾಗ ನಮ್ಮ ಪರಿಚಯದವರೊಬ್ರಿಗೆ ಮಾತ್ರೆ ಸಿಗದೆ, ಮೂರು ವಾರದಲ್ಲಿ ಮಾತು ಬಿಟ್ರು, ಊಟ ಬಿಟ್ರು. ಗಡಿ ತೆರೆದ ಮೇಲೂ ಊರವರ ಬಾಯಿಗೆ ಹೆದರಿ ಆಸ್ಪತ್ರೆಗೆ ಹೋಗ್ಲಿಕ್ಕೆ ಒಪ್ಪದೆ ಮತ್ತೆ ಒಂದು ತಿಂಗಳು ಹೋಯ್ತು. ಅವ್ರು ಯಾರಿಗೂ ಕೈ ಎತ್ತಿದವರಲ್ಲ.

ನಿಮ್ಮ ಪತ್ರದ ಕೊನೆಗೆ ನೀವೇ ಬರೆದಿದ್ದೀರಿ, ಐದು ವರ್ಷದಲ್ಲಿ ಆ ಹುಡುಗ ಯಾರಿಗೂ ಒಂದು ಗಟ್ಟಿ ಮಾತು ಆಡಿಲ್ಲ, ನಮ್ಮ ಸುದ್ದಿ ಬಂದ ಮೇಲೆ ಅವನ ಅಮ್ಮ ಬೇಲಿ ಹತ್ರ ಬರುದು ಬಿಟ್ಟಿದ್ದಾರೆ ಅಂತ. ತಿದ್ದುಪಡಿ ಮುಂದಿನ ಸಂಚಿಕೆಯ ಮೊದಲನೇ ಪೇಜಲ್ಲಿ ಹಾಕ್ತೇನೆ. ಬೇಲಿ ಹತ್ರ ನೀವು ಒಮ್ಮೆ ಹೋಗಿ ಅವರನ್ನು ಕರೀತೀರಾ?