ರೆಕಾರ್ಡಿಂಗ್‌ನಲ್ಲಿ ತಂಬೂರಿ ಮಾಯವಾಗುವುದೂ ಶ್ರುತಿ ಇಳಿಯುವುದೂ ಏಕೆ?

ಎಲೆಕ್ಟ್ರಾನಿಕ್ ತಂಬೂರಿ ಹಾಕಿಕೊಂಡು ಮನೆಯಲ್ಲಿ ಮೊಬೈಲಿಗೆ ಹಾಡಿದರೆ ತಂಬೂರಿ ಮೊದಲ ಕೆಲವು ಕ್ಷಣ ಕೇಳಿ ಆಮೇಲೆ ಮಾಯವಾಗುತ್ತದೆ, ಒಮ್ಮೊಮ್ಮೆ ಕಂಪ್ಯೂಟರಿಗೆ ಹಾಕಿದ ಹಾಡಿನ ಶ್ರುತಿಯೇ ಇಳಿದಿರುತ್ತದೆ, ಇದು ಗಂಟಲಿನ ದೋಷವೋ ಯಂತ್ರದ್ದೋ ಎಂದು ಕೇಳಿದ್ದೀರಿ. ಗಂಟಲಿನದಲ್ಲ. ಎರಡೂ ಪೇಚುಗಳಲ್ಲಿ ನಾನು ಸಿಕ್ಕಿಕೊಂಡಿದ್ದೇನೆ.

ಮೊದಲನೆಯದನ್ನು ಸರಿಪಡಿಸಲು ನಾನು ತಂಬೂರಿಯನ್ನು ಮೊಬೈಲಿನ ಪಕ್ಕಕ್ಕೇ ತಂದಿಟ್ಟೆ, ಅದರ ದನಿಯನ್ನು ಏರಿಸಿದೆ. ಆದರೂ ಪಲ್ಲವಿ ಮುಗಿಯುವ ಹೊತ್ತಿಗೆ ಅದು ನೀರಿನಡಿಯಿಂದ ಬಂದಂತೆ ಕ್ಷೀಣವಾಗಿ ಕೇಳುತ್ತಿತ್ತು. ಕಾರಣವಿಷ್ಟೆ: ಮೊಬೈಲು ಮೂಲತಃ ಮಾತಿಗಾಗಿ ಹುಟ್ಟಿದ ಸಾಧನ. ಮಾತು ಅಕ್ಷರದಿಂದ ಅಕ್ಷರಕ್ಕೆ ಬದಲಾಗುತ್ತದೆ, ಫ್ಯಾನಿನ ಸದ್ದು ಬದಲಾಗುವುದಿಲ್ಲ. ಆದ್ದರಿಂದ ಬದಲಾಗದೆ ಒಂದೇ ಸಮನೆ ಕೇಳುವುದೆಲ್ಲ ಗದ್ದಲವೆಂದು ಎಣಿಸಿ ಅದನ್ನು ಅಳಿಸುವ ಏರ್ಪಾಡು ಹಲವು ಮೊಬೈಲುಗಳಲ್ಲಿ, ಹಾಗೂ ಆನ್‌ಲೈನ್ ಪಾಠಕ್ಕೆ ಬಳಸುವ ಬಹುತೇಕ ಆ್ಯಪ್‌ಗಳಲ್ಲಿ ಇದೆ. ಹಾಗೆ ಗುರುತಿಸಲು ಅದಕ್ಕೆ ಕೆಲವು ಕ್ಷಣ ಬೇಕಾಗುತ್ತದೆ, ಅಷ್ಟು ಹೊತ್ತು ಮಾತ್ರ ನಿಮಗೆ ತಂಬೂರಿ ಕೇಳಿಸುತ್ತದೆ. ಬದಲಾಗದೆ ನಿಲ್ಲುವುದೇ ತಂಬೂರಿಯ ಧರ್ಮ. ಯಂತ್ರದ ಕಣ್ಣಿಗೆ ಅದೇ ಅಪರಾಧ. ತಾರಷಡ್ಜದಲ್ಲಿ, ಅಂದರೆ ಮೇಲಿನ ‘ಸ’ದಲ್ಲಿ, ನೀವು ಅಲುಗದೆ ನಿಂತ ಕಾರ್ವೆಯೂ (ಎಳೆದು ಹಿಡಿದ ಸ್ವರವೂ) ಕೊನೆಕೊನೆಗೆ ತೆಳುವಾಗಿ ಕೇಳುತ್ತಿದ್ದರೆ ಉಸಿರನ್ನು ಶಂಕಿಸಬೇಡಿ. ಅದೂ ಇದೇ ಕತ್ತರಿಯ ಕೆಲಸ.

ಗದ್ದಲ ಅಳಿಸುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ನಿಲ್ಲಿಸಿ. ಝೂಮ್‌ನಲ್ಲಿ ಸಂಗೀತಗಾರರಿಗೆಂದೇ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆಯಿದೆ. ಮೊಬೈಲಿನ ರೆಕಾರ್ಡರಿನಲ್ಲಿ ಅಂಥದ್ದು ಸಿಗದಿದ್ದರೆ ಬೇರೊಂದು ರೆಕಾರ್ಡಿಂಗ್ ಆ್ಯಪ್ ಪ್ರಯತ್ನಿಸಬಹುದು. ನನ್ನ ಮಟ್ಟಿಗೆ ಹೆಚ್ಚು ಫಲ ಕೊಟ್ಟದ್ದು ಬೇರೆಯೇ ದಾರಿ: ತಂಬೂರಿಯನ್ನು ಇಯರ್‌ಫೋನಿನಲ್ಲಿ ಒಂದೇ ಕಿವಿಗೆ ಹಾಕಿಕೊಂಡು, ಇನ್ನೊಂದು ಕಿವಿಯನ್ನು ನನ್ನ ದನಿಗೆ ತೆರೆದಿಟ್ಟು, ದನಿಯನ್ನಷ್ಟೇ ರೆಕಾರ್ಡ್ ಮಾಡಿ, ತಂಬೂರಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸುವುದು.

ಆದರೆ ನಿಮ್ಮ ಎರಡನೆಯ ಸಮಸ್ಯೆ ತಲೆಯೆತ್ತುವುದೂ ಅಲ್ಲಿಯೇ. ನಾನು ನಾಲ್ಕು ನಿಮಿಷ ಹಾಡಿದ್ದ ದೇವರನಾಮ ಕಂಪ್ಯೂಟರಿನಲ್ಲಿ ತಂಬೂರಿಗೆ ಸೇರದೆ, ದನಿಯೂ ದಪ್ಪಗಾಗಿ, ಯಾರೋ ಹಿರಿಯರು ನಿಧಾನವಾಗಿ ಹಾಡಿದಂತೆ ಕೇಳಿತು. ಶೀತವಾಗಿದ್ದಾಗ ಹಾಡಿದೆನೇನೋ ಎಂದುಕೊಂಡು ಮತ್ತೆ ಎರಡು ಸಲ ಹಾಡಿದ ಮೇಲಷ್ಟೇ ಅವಧಿಯ ಮೇಲೆ ಕಣ್ಣು ಹೋಯಿತು: 4 ನಿಮಿಷ 21 ಸೆಕೆಂಡು! ಮೊಬೈಲು ದನಿಯನ್ನು ಸೆಕೆಂಡಿಗೆ 48,000 ಮಾದರಿಗಳಂತೆ (ಸ್ಯಾಂಪಲ್, ಅಂದರೆ ದನಿಯ ಕ್ಷಣಕ್ಷಣದ ಅಳತೆ) ಬರೆದಿಟ್ಟಿತ್ತು, ಕಂಪ್ಯೂಟರು ಸಿ.ಡಿ.ಯ ಲೆಕ್ಕದಲ್ಲಿ, ಅಂದರೆ ಸೆಕೆಂಡಿಗೆ 44,100ರಂತೆ ಓದುತ್ತಿತ್ತು. ಸಾಮಾನ್ಯವಾಗಿ ಸಾಫ್ಟ್‌ವೇರು ತಾನಾಗಿಯೇ ಇದನ್ನು ಹೊಂದಿಸಿಕೊಳ್ಳುತ್ತದೆ. ಅದರ ಲೆಕ್ಕವೂ, ಕಂಪ್ಯೂಟರಿನಲ್ಲಿ ದನಿ ಹೊರಡಿಸುವ ಸೌಂಡ್ ಕಾರ್ಡಿನ ಲೆಕ್ಕವೂ ಬೇರೆಯಾದಾಗ, ಅಥವಾ ಫೈಲನ್ನು ತಪ್ಪು ಲೆಕ್ಕದಲ್ಲಿ ತೆರೆದಾಗ ಮಾತ್ರ ಹೀಗಾಗುತ್ತದೆ. ಆಗ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ, ಅಂದರೆ ಹಾರ್ಮೋನಿಯಂನ ಒಂದೂವರೆ ಮನೆಯಷ್ಟು, ಇಳಿಯುತ್ತದೆ. ಹಾರ್ಮೋನಿಯಂ ಇದ್ದರೆ ಒತ್ತಿ ನೋಡಿ: ಹಾಡು ಯಾವ ಮನೆಗೂ ಕೂರದೆ ಎರಡು ಮನೆಗಳ ನಡುವೆ ತೂಗುತ್ತಿದ್ದರೆ, ಮತ್ತು ಅವಧಿ ನಿಮಿಷಕ್ಕೆ ಐದು ಸೆಕೆಂಡಿನಷ್ಟು ಬೆಳೆದಿದ್ದರೆ, ದೋಷ ಇದೇ. ಮತ್ತೆ ಹಾಡಬೇಕಿಲ್ಲ, ಎಲ್ಲ ಕಡೆಯೂ 48,000 ಎಂದು ಆರಿಸಿ ಅದೇ ಫೈಲನ್ನು ಪುನಃ ತೆರೆದರೆ ಸಾಕು.

ಗದ್ದಲ ಅಳಿಸುವುದನ್ನು ನಿಲ್ಲಿಸಿದ ಮೇಲೆ ತಂಬೂರಿಯ ಜೊತೆ ಫ್ಯಾನೂ ಪಕ್ಕದ ಮನೆಯ ಮಿಕ್ಸಿಯೂ ಮರಳಿ ಬರುತ್ತವೆ, ಅದಕ್ಕೆ ಸಿದ್ಧರಾಗಿರಿ. ನಾನು ಬೆಳಗಿನ ಐದು ಗಂಟೆಗೆ, ಫ್ಯಾನು ಆರಿಸಿ, ಕಿಟಕಿಗೆ ರಜಾಯಿ ಇಳಿಬಿಟ್ಟು ಹಾಡುತ್ತೇನೆ. ಹಾಲಿನವನ ಸೈಕಲ್ ಗಂಟೆಗೆ ಮಾತ್ರ ಇನ್ನೂ ಉಪಾಯ ಸಿಕ್ಕಿಲ್ಲ.