ಹೆಡ್ ಗ್ಯಾಸ್ಕೆಟ್ ಹಾಕಿಸಿ ನಾಲ್ಕೇ ತಿಂಗಳಿಗೆ ಮತ್ತೆ ಹೋಗಿದೆ, ತಪ್ಪು ಗ್ಯಾಸ್ಕೆಟ್‌ದಾ?

ನಿಮ್ಮದು ಹಳೆಯ ಮಾರುತಿ 800. ಎಂಜಿನ್ ಬ್ಲಾಕ್‌ಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವಿನ ಗ್ಯಾಸ್ಕೆಟ್ ಬದಲಿಸಿ ನಾಲ್ಕು ತಿಂಗಳಾಗಿದೆ, ಮತ್ತೆ ರೇಡಿಯೇಟರ್ ನೀರು ಖಾಲಿಯಾಗುತ್ತಿದೆ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ. ಮೆಕ್ಯಾನಿಕ್ "ಗ್ಯಾಸ್ಕೆಟ್ ಡೂಪ್ಲಿಕೇಟ್ ಇತ್ತು" ಅನ್ನುತ್ತಿದ್ದಾರೆ. ಈ ಸಲ ನೀವೇ ಹಾಕಬೇಕು ಅಂತಿದ್ದೀರಿ, ಬೋಲ್ಟ್ ಎಷ್ಟು ಟೈಟ್ ಮಾಡಬೇಕು ಅಂತ ಕೇಳಿದ್ದೀರಿ.

ನಾನು ಎಂಜಿನ್ ಬಿಚ್ಚಿ ಕಟ್ಟುವ ಕೆಲಸದವನು. ಡೂಪ್ಲಿಕೇಟ್ ಗ್ಯಾಸ್ಕೆಟ್ ಸಿಗುವುದಿಲ್ಲ ಅಂತಲ್ಲ, ಬೆಂಗಳೂರಿನ ಗಾಡಿ ಪಾರ್ಟ್ಸ್ ಮಾರುಕಟ್ಟೆ ಜೆ.ಸಿ. ರಸ್ತೆಯಲ್ಲಿ ಹುಷಾರಾಗಿ ಕೊಳ್ಳದಿದ್ದರೆ ಯಾವ ಪಾರ್ಟ್ ಬೇಕಾದರೂ ಹಾಗೆ ಸಿಗುತ್ತದೆ. ಆದರೆ ಇಷ್ಟು ಬೇಗ ಎರಡನೇ ಸಲ ಹೋಯಿತು ಅಂದರೆ ನನ್ನ ಮೊದಲ ಅನುಮಾನ ಹೆಡ್ ಮೇಲೆ, ಆಮೇಲೆ ಬೋಲ್ಟ್ ಮೇಲೆ. ಗ್ಯಾಸ್ಕೆಟ್ ಸರದಿ ಕೊನೆಗೆ.

ಮೊದಲು ಹೋಗಿರುವುದು ಗ್ಯಾಸ್ಕೆಟ್ಟೇ ಹೌದಾ ನೋಡಿಕೊಳ್ಳಿ. ತಣ್ಣಗಿರುವ ಎಂಜಿನ್‌ನ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಸಿಲಿಂಡರ್ ಗ್ಯಾಸ್ ನೀರಿಗೆ ನುಗ್ಗುತ್ತಿದೆ ಅಂತ. ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್‌ನಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಕಡಿಮೆ ತೋರಿಸಿದರೆ ಅವೆರಡರ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಜಾಸ್ತಿ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡ ಮಾತ್ರಕ್ಕೆ ಗಾಬರಿ ಬೇಡ. ಮಲೆನಾಡಿನ ಮಳೆಗಾಲದಲ್ಲಿ ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲೂ ತೇವ ಸೇರಿ ಹಾಗಾಗುತ್ತದೆ. ಆಯಿಲ್ ಮಟ್ಟ ನೋಡುವ ಡಿಪ್ ಸ್ಟಿಕ್‌ನಲ್ಲೂ ಹಾಗೇ ಇದ್ದರೆ ಮಾತ್ರ ಚಿಂತೆ.

ಇನ್ನು ಹೆಡ್. ಇದು ಅಲ್ಯೂಮಿನಿಯಂ, ಕೆಳಗಿನ ಬ್ಲಾಕ್ ಬೀಡು ಕಬ್ಬಿಣ. ಒಂದೇ ಬಿಸಿಗೆ ಅಲ್ಯೂಮಿನಿಯಂ ಬೀಡಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಎಂಜಿನ್ ಒಮ್ಮೆ ಜೋರಾಗಿ ಬಿಸಿಯಾದರೆ ಹೆಡ್ ಸೊಟ್ಟಗಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನೇರವಾದ ಸ್ಟೀಲ್ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ಬ್ಲೇಡ್‌ಗಳ ಗೊಂಚಲು) ತೂರಿಸಿ ನೋಡಬೇಕು. 0.05 ಮಿ.ಮೀ. ಬ್ಲೇಡ್ ಎಲ್ಲಾದರೂ ಸರಾಗವಾಗಿ ತೂರಿದರೆ ನಾನು ಲೇತ್ ಶಾಪ್‌ಗೆ ಫೇಸಿಂಗ್‌ಗೆ, ಅಂದರೆ ಮೇಲ್ಮೈ ಮಟ್ಟ ಮಾಡಿಸಲು, ಕಳಿಸುತ್ತೇನೆ. ಬ್ಲಾಕ್ ಮೇಲೂ ಇದೇ ಪರೀಕ್ಷೆ. ಹಳೆ ಗ್ಯಾಸ್ಕೆಟ್ ಅಂಟಿದ್ದನ್ನು ಗ್ರೈಂಡರ್ ಡಿಸ್ಕ್ ಹಾಕಿ ಉಜ್ಜಬೇಡಿ. ಅಲ್ಯೂಮಿನಿಯಂನಲ್ಲಿ ಹಳ್ಳ ಬೀಳುತ್ತದೆ, ಪುಡಿ ಆಯಿಲ್‌ಗೆ ಸೇರಿ ಬೇರಿಂಗ್ ತಿನ್ನುತ್ತದೆ. ಹೆಡ್ ಬಿಚ್ಚುವುದು ಕೂಡ ಪೂರ್ತಿ ತಣ್ಣಗಾದ ಮೇಲೇ. ಹೊರಗಿನ ಬೋಲ್ಟ್‌ಗಳಿಂದ ಒಳಕ್ಕೆ, ಸ್ವಲ್ಪ ಸ್ವಲ್ಪ ಸಡಿಲಿಸುತ್ತಾ.

ಈಗ ನೀವು ಕೇಳಿದ ಬೋಲ್ಟ್ ವಿಷಯ. ಟಾರ್ಕ್ ರೆಂಚ್ ತೋರಿಸುವುದು ಬೋಲ್ಟ್ ತಿರುಗಿಸಲು ಬೇಕಾದ ಬಲವನ್ನು. ಹೆಡ್ ಎಷ್ಟು ಗಟ್ಟಿಯಾಗಿ ಒತ್ತಿ ಕೂತಿದೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಹಾಕಿದ ಬಲದಲ್ಲಿ ಸುಮಾರು ಅರ್ಧದಷ್ಟು ಬೋಲ್ಟ್ ತಲೆಯ ಕೆಳಗಿನ ಉಜ್ಜಾಟಕ್ಕೆ ಹೋಗುತ್ತದೆ, ಶೇ. 40ರಷ್ಟು ಥ್ರೆಡ್‌ನ ಉಜ್ಜಾಟಕ್ಕೆ. ಹೆಡ್ ಒತ್ತಲು ಉಳಿಯುವುದು ಶೇ. 10ರಷ್ಟೇ. ಥ್ರೆಡ್‌ನಲ್ಲಿ ತುಕ್ಕು, ಕಿಲುಬು ಇದ್ದರೆ ಆ ಸ್ವಲ್ಪವೂ ಹೋಯಿತು. ಇಟ್ಟ ಅಳತೆ ಮುಟ್ಟಿತು ಅಂತ ರೆಂಚ್ "ಟಕ್" ಅನ್ನುತ್ತದೆ, ನೀವು ನಂಬುತ್ತೀರಿ, ಬೋಲ್ಟ್ ಮಾತ್ರ ಸಡಿಲವೇ. ಥ್ರೆಡ್‌ಗೆ ಆಯಿಲ್ ಹಚ್ಚಬೇಕಾ ಬೇಡವಾ ಅನ್ನುವುದಕ್ಕೂ ಮ್ಯಾನ್ಯುಯಲ್ ಹೇಳಿದ್ದನ್ನೇ ಕೇಳಿ. ಒಣಗಿದ ಬೋಲ್ಟ್‌ಗೆ ಕೊಟ್ಟ ಅಂಕಿಯನ್ನು ಆಯಿಲ್ ಹಚ್ಚಿದ ಬೋಲ್ಟ್‌ಗೆ ಹಾಕಿದರೆ ಬೋಲ್ಟ್ ಮಿತಿ ಮೀರಿ ಎಳೆದುಕೊಳ್ಳುತ್ತದೆ.

ಬ್ಲಾಕ್‌ನ ಬೋಲ್ಟ್ ತೂತುಗಳನ್ನು ಖಾಲಿ ಮಾಡುವುದು ಮರೆಯಬೇಡಿ, ಇದನ್ನು ಜಾಸ್ತಿ ಜನ ಬಿಡುತ್ತಾರೆ. ತಳ ಮುಚ್ಚಿದ ತೂತಿನಲ್ಲಿ ನೀರೋ ಆಯಿಲೋ ನಿಂತಿದ್ದರೆ ಅದಕ್ಕೆ ಹೋಗಲು ಜಾಗವಿಲ್ಲ. ಬೋಲ್ಟ್ ಇಳಿದಂತೆ ಒತ್ತಡ ಏರಿ ಬ್ಲಾಕ್ ಬಿರುಕು ಬಿಡಬಹುದು. ಕನ್ನಡಕ ಹಾಕಿಕೊಂಡು ಗಾಳಿ ಹೊಡೆದು ಒಣಗಿಸಿ.

ಟೈಟ್ ಮಾಡುವುದು ನಡುವಿನಿಂದ ಅಂಚಿನ ಕಡೆಗೆ, ಗೋಡೆಗೆ ಪೋಸ್ಟರ್ ಅಂಟಿಸುವಾಗ ಒತ್ತಿಕೊಂಡು ಹೋಗುತ್ತೀವಲ್ಲ, ಹಾಗೆ. ಅದೂ ಒಂದೇ ಸಲಕ್ಕಲ್ಲ. ನಿಮ್ಮ ಎಂಜಿನ್‌ನ ಮ್ಯಾನ್ಯುಯಲ್‌ನಲ್ಲಿ 60 ನ್ಯೂಟನ್ ಮೀಟರ್ ಅಂತ ಇದೆ ಅಂದುಕೊಳ್ಳಿ. ಎಲ್ಲಾ ಬೋಲ್ಟ್‌ಗೂ ಒಂದು ಸುತ್ತು 20, ಮತ್ತೊಂದು ಸುತ್ತು 40, ಕೊನೆಯ ಸುತ್ತು 60. ಹಳೆ ಪುಸ್ತಕಗಳಲ್ಲಿ ಕೆ.ಜಿ.-ಮೀಟರ್ ಇರುತ್ತದೆ, 1 ಅಂದರೆ 9.8 ನ್ಯೂಟನ್ ಮೀಟರ್. ರೆಂಚನ್ನು ನಿಧಾನವಾಗಿ, ನಿಲ್ಲಿಸದೆ ಎಳೆಯಿರಿ. "ಟಕ್" ಆದ ಮೇಲೆ ಸಮಾಧಾನಕ್ಕೆ ಅಂತ ಇನ್ನೊಂದು ಸಲ ಎಳೆಯುವುದು ಬೇಡ. ಪೈಪ್ ಸಿಕ್ಕಿಸಿ "ಕೈಗೇ ಗೊತ್ತಾಗುತ್ತೆ ಸಾರ್" ಅನ್ನುವವರನ್ನು ನಾನು ನಂಬುವುದಿಲ್ಲ. ಗೊತ್ತಾಗುವುದು ಸುಸ್ತು ಮಾತ್ರ. ಬೆಳಿಗ್ಗೆ ಬಿಗಿದ ಮೊದಲ ಬೋಲ್ಟ್‌ಗೂ ಕೊನೆಯದಕ್ಕೂ ಅದೇ ಕೈ ಒಂದೇ ಅಳತೆ ಕೊಡುವುದಿಲ್ಲ.

ಇತ್ತೀಚಿನ ಬಹಳಷ್ಟು ಎಂಜಿನ್‌ಗಳಲ್ಲಿ ಸ್ವಲ್ಪ ಟಾರ್ಕ್ ಕೊಟ್ಟು ಆಮೇಲೆ ಇಂತಿಷ್ಟು ಡಿಗ್ರಿ ತಿರುಗಿಸಿ ಅಂತಿರುತ್ತದೆ. ಉಜ್ಜಾಟದ ಮೋಸ ತಪ್ಪಿಸಲು ಅದು. ಅಂಥ ಬೋಲ್ಟ್‌ಗಳು ಸಾಮಾನ್ಯವಾಗಿ ಬೇಕಂತಲೇ ಹಿಗ್ಗುವಂಥವು, ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು. ಓಡಿಸಿದ ಮೇಲೆ ಮತ್ತೆ ಟೈಟ್ ಮಾಡಬೇಕಾ ಅನ್ನುವುದು ಗ್ಯಾಸ್ಕೆಟ್ ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಪದರ ಪದರದ ಸ್ಟೀಲ್ ಗ್ಯಾಸ್ಕೆಟ್‌ಗೆ ಸಾಮಾನ್ಯವಾಗಿ ಬೇಡ. ಹೆಡ್ ಗ್ಯಾಸ್ಕೆಟ್‌ಗೆ ಶೆಲ್ಯಾಕ್, ಸಿಲಿಕಾನ್ ಪೇಸ್ಟ್ ಸುಮ್ನೆ ಬಳಿಯಬೇಡಿ.

ಕೊನೆಗೆ, ಎಂಜಿನ್ ಬಿಸಿಯಾಗಿದ್ದು ಯಾಕೆ? ಬೋರ್‌ವೆಲ್ ನೀರು ಹಾಕಿ ರೇಡಿಯೇಟರ್ ಒಳಗೆ ಬಿಳಿ ಪದರ ಕಟ್ಟಿದೆಯಾ, ಫ್ಯಾನ್ ಸ್ವಿಚ್ ಕೆಲಸ ಮಾಡುತ್ತಾ, ಬಿಸಿ ನೋಡಿ ನೀರಿನ ಹರಿವು ಬಿಡುವ ಥರ್ಮೋಸ್ಟ್ಯಾಟ್ ಅನ್ನು ಯಾರಾದರೂ ಕಿತ್ತು ಹಾಕಿದ್ದಾರಾ, ನೋಡಿ. ಜೋಡಿಸಿದ ಮೇಲೆ ಕೂಲಂಟ್ ತುಂಬಿ, ಗಾಳಿ ಹೊರಹೋಗಲು ಬಿಟ್ಟು, ನಿಂತಲ್ಲೇ ಓಡಿಸಿ. ಫ್ಯಾನ್ ತಾನಾಗಿ ಶುರುವಾಗಿ ತಾನಾಗಿ ನಿಂತರೆ ರಸ್ತೆಗೆ ತೆಗೆಯಿರಿ. ಮಾರನೇ ಬೆಳಿಗ್ಗೆ ತಣ್ಣಗಿದ್ದಾಗ ಕೂಲಂಟ್ ಮಟ್ಟ ಇನ್ನೊಮ್ಮೆ ನೋಡಿ.